ಮೊದಲು ಹೋಗಬೇಕಾದ ಮನೆ

ಕರಾವಳಿಯ ನಮ್ಮಂಥ ಕ್ರೈಸ್ತ ಮನೆಗಳಲ್ಲಿ ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ ತಪ್ಪುತ್ತಿರಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಶಾಲೆ, ಅಚ್ಚುಕೂಟ, ಹಂಚಿನ ಕಾರ್ಖಾನೆ ಕಟ್ಟಿದ್ದು ಎಲ್ಲರಿಗೂ ಗೊತ್ತು. ನಮ್ಮ ಹಿರಿಯರು ಅವರಿಂದ ಕಲಿತದ್ದು ಇನ್ನೂ ಒಂದಿತ್ತು: ದಿನವೂ ಬೈಬಲ್ ಓದಬೇಕು, ಓದಿದ್ದರ ಮುಂದೆ ತನ್ನ ನಡತೆಯನ್ನು ಇಟ್ಟು ನೋಡಬೇಕು.

ಒಂದು ವರ್ಷ ಅಪ್ಪನ ಪ್ರಾರ್ಥನೆಯಲ್ಲಿ ಒಂದೇ ಬೇಡಿಕೆ. ಅಡಿಕೆ ತೋಟ ಬಿಟ್ಟು ಸುವಾರ್ತಾ ಸೇವೆಗೆ ಹೋಗಲೋ, ಬೇಡವೋ, ಕರ್ತನೇ ದಾರಿ ತೋರಿಸು ಎಂದು. ಉಪವಾಸವಿದ್ದರು, ನಸುಕಿನಲ್ಲೆದ್ದು ಮೊಣಕಾಲೂರಿದರು. ಉತ್ತರ ಬರಲಿಲ್ಲ.

ಅದೇ ಹೊತ್ತಿಗೆ ತೋಡಿನ ಆಚೆ ದಡದ ಚಿಕ್ಕಪ್ಪನ ಮನೆಗೂ ನಮ್ಮ ಮನೆಗೂ ಮಾತು ನಿಂತಿತ್ತು. ಚಿಕ್ಕಪ್ಪ ಮೇಲ್ಗಡೆ ತೋಡಿಗೆ ಅಡ್ಡವಾಗಿ ಕಟ್ಟ ಕಟ್ಟಿದ್ದರಿಂದ ನಮ್ಮ ತೋಟಕ್ಕೆ ನೀರು ಸಾಲುತ್ತಿಲ್ಲವೆಂದು ಜಗಳ. ಒಂದು ಬೆಳಿಗ್ಗೆ ನೋಡಿದರೆ ಕಟ್ಟ ಒಡೆದು ಬಿದ್ದಿತ್ತು. ಚಿಕ್ಕಪ್ಪ ತಮ್ಮ ಆಳಿನ ಮೇಲೆ ಅನುಮಾನಪಟ್ಟು ಅವನನ್ನು ಕೆಲಸದಿಂದ ಬಿಡಿಸಿದರು.

ಶುಭ ಶುಕ್ರವಾರದ ಹಿಂದಿನ ಸಂಜೆ ನಮ್ಮ ಸಭೆಯ ಪಾಲಕರಾದ ಅಯ್ಯನವರು ನಮ್ಮ ಮನೆಗೆ ಬಂದರು. ಅಪ್ಪ ತಮ್ಮ ಪ್ರಶ್ನೆಯನ್ನು ಅವರ ಮುಂದಿಟ್ಟರು. ಅಯ್ಯನವರು ಸಲಹೆ ಕೊಡಲಿಲ್ಲ. ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯ ತೆಗೆದು ಓದಿದರು. ಕಾಣಿಕೆ ತಂದವನಿಗೆ, ಸಹೋದರನ ಮನಸ್ಸಿನಲ್ಲಿ ತನ್ನ ಮೇಲೆ ನೋವಿದೆ ಎಂಬುದು ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಎಂದು ಯೇಸು ಸ್ವಾಮಿ ಹೇಳಿದ ಭಾಗ ಅದು. ಓದಿ ಮುಗಿಸಿ, ಚಿಕ್ಕದೊಂದು ಪ್ರಾರ್ಥನೆ ಮಾಡಿ ಹೊರಟುಹೋದರು.

ಅಪ್ಪ ಬಹಳ ಹೊತ್ತು ಜಗಲಿಯಲ್ಲೇ ಕೂತಿದ್ದರು. ಆಮೇಲೆ ತೆಂಗಿನ ಗರಿಯ ಸೂಟೆ ಹೊತ್ತಿಸಿ, “ಬಾ ಮಗಾ” ಎಂದರು. ಸಂಕ ದಾಟಿ ಚಿಕ್ಕಪ್ಪನ ಅಂಗಳಕ್ಕೆ ಹೋದೆವು. ಒಳಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ. ಅಪ್ಪ ಅಂಗಳದಲ್ಲೇ ನಿಂತು ಹೇಳಿದರು:

“ತಮ್ಮಾ, ಕಟ್ಟ ಒಡೆದದ್ದು ನಾನು. ನಿನ್ನ ಆಳು ಅಲ್ಲ. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ನನ್ನನ್ನು ಕ್ಷಮಿಸು.”

ಚಿಕ್ಕಪ್ಪನಿಗೆ ಮಾತು ಹೊರಡಲಿಲ್ಲ. ಚಿಕ್ಕಮ್ಮ ಒಳಗೆ ಹೋಗಿ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ತಂದಿಟ್ಟರು. ಆಗ ಚಿಕ್ಕಪ್ಪ, “ಅಣ್ಣಾ, ಮೇಲೆ ಬಾ” ಎಂದರು. ಆ ರಾತ್ರಿಯೇ ಇಬ್ಬರೂ ಆಳಿನ ಗುಡಿಸಲಿಗೆ ನಡೆದು ಹೋಗಿ ಅವನ ಕ್ಷಮೆಯನ್ನೂ ಕೇಳಿದರು. ಮರುದಿನ ಅಣ್ಣತಮ್ಮಂದಿರು ಒಟ್ಟಿಗೆ ಪವಿತ್ರ ಭೋಜನ ಸ್ವೀಕರಿಸಿದರು.

ಸುವಾರ್ತಾ ಸೇವೆಯ ಪ್ರಶ್ನೆಗೂ ಉತ್ತರ ಸಿಕ್ಕಿತು, ನಿಧಾನವಾಗಿ. ಅಪ್ಪ ಊರು ಬಿಡಲಿಲ್ಲ. ಬದಲಾದದ್ದು ಅವರ ಸ್ವಭಾವ. ಆಳುಕಾಳುಗಳ ಮೇಲೆ ರೇಗುತ್ತಿದ್ದ ಮನುಷ್ಯ ಅವರ ಮನೆಯ ಕಷ್ಟಸುಖ ವಿಚಾರಿಸತೊಡಗಿದರು. ಅಣ್ಣತಮ್ಮಂದಿರ ಜಗಳವೆಂದರೆ ಊರಿನವರು ಅಪ್ಪನನ್ನು ಕರೆಯುತ್ತಿದ್ದರು, ಅಪ್ಪ ತಮ್ಮ ಕಟ್ಟದ ಕಥೆಯನ್ನೇ ಅವರಿಗೆ ಹೇಳುತ್ತಿದ್ದರು. ಅವರು ಸುವಾರ್ತೆ ಸಾರಿದ್ದು ಹಾಗೆ.

ಮುಂದೆ ನಾನು ಜರ್ಮನಿಯ ದೇವಶಾಸ್ತ್ರಜ್ಞ ಡೀಟ್ರಿಚ್ ಬೋನ್‌ಹೋಫರ್ 1937ರಲ್ಲಿ ಶಿಷ್ಯತ್ವದ ಬಗ್ಗೆ ಬರೆದ ಪುಸ್ತಕ ಓದಿದೆ. ನಾಜಿ ಆಡಳಿತವನ್ನು ವಿರೋಧಿಸಿ 1945ರಲ್ಲಿ ಗಲ್ಲಿಗೇರಿದ ಅವರು, ನಂಬಿಕೆಯನ್ನೂ ವಿಧೇಯತೆಯನ್ನೂ ಬೇರೆ ಮಾಡಲಾಗದು ಎಂದು ಅದರಲ್ಲಿ ವಾದಿಸುತ್ತಾರೆ. ಅಯ್ಯನವರು ಅಂದು ಓದಿದ ಭಾಗವೂ ಸೇರಿರುವ ಪರ್ವತ ಪ್ರಸಂಗವೇ ಆ ಪುಸ್ತಕದ ಜೀವಾಳ. ಅದನ್ನು ಓದುವಾಗ ನನಗೆ ಅಪ್ಪ ಅರ್ಥವಾದರು.

ದೇವರ ಚಿತ್ತ ತಿಳಿಯಲೆಂದು ಪ್ರಾರ್ಥಿಸುತ್ತಿರುವವರಿಗೆ ನನ್ನದೊಂದು ವಿನಂತಿ. ಆತನು ಈಗಾಗಲೇ ಸ್ಪಷ್ಟವಾಗಿ ಹೇಳಿದ್ದನ್ನು ಮೊದಲು ಮಾಡಿ. ಕ್ಷಮೆ ಕೇಳಬೇಕಾದ ಮನೆಯೊಂದಿದ್ದರೆ ಇವತ್ತೇ ಹೋಗಿ. ಮುಂದಿನ ದಾರಿಯನ್ನು ಆತನೇ ತೋರಿಸುತ್ತಾನೆ.