ಮೈಲಾರದ ಬಂಡಿದಾರಿ

ಭರತ ಹುಣ್ಣಿಮೆ ಸಮೀಪಿಸಿತೆಂದರೆ ತಂಬ್ರಹಳ್ಳಿಯ ಕಡೆಯ ಒಕ್ಕಲು ಮನೆಗಳಲ್ಲಿ ಎರಡು ಲೆಕ್ಕಗಳು ಒಟ್ಟಿಗೆ ಏಳುತ್ತವೆ. ಒಂದು, ಹಿಂಗಾರಿ ಜೋಳದ ಕೊಯಿಲಿನದು; ಇನ್ನೊಂದು, ಮೈಲಾರ ಜಾತ್ರೆಯದು. ಬಲಿತ ತೆನೆ ಬಹಳ ದಿನ ಹೊಲದಲ್ಲಿ ನಿಲ್ಲುವಂತಿಲ್ಲ. ಹಕ್ಕಿಗಳು ಅದಕ್ಕೆ ಬಿಡುವುದೂ ಇಲ್ಲ. ಮೈಲಾರದ ಕಾರಣಿಕವಾದರೂ ಯಾರ ಅನುಕೂಲವನ್ನೂ ನೋಡುವುದಿಲ್ಲ. ಇವೆರಡರ ನಡುವೆ ಒಕ್ಕಲಿಗನಿಗೆ ದೊರೆಯುವುದು ಎಂಟೊಂಬತ್ತು ದಿನಗಳ ಬಿಡುವು. ಅಷ್ಟರಲ್ಲಿ ಮನೆಮಂದಿಯನ್ನೆಲ್ಲ ಬಂಡಿಯಲ್ಲಿ ಕೂರಿಸಿಕೊಂಡು ಹೋಗಿ, ದೇವರನ್ನು ಕಂಡು, ಕಾರಣಿಕ ಕೇಳಿ, ಹಿಂದಿರುಗಬೇಕು.

ಮೈಲಾರವಿರುವುದು ಹೂವಿನಹಡಗಲಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ಸಮೀಪದಲ್ಲಿ. ತಂಬ್ರಹಳ್ಳಿಯಿಂದ ಹಡಗಲಿಗೆ, ಅಲ್ಲಿಂದ ಹಿರೇಹಡಗಲಿ, ಹೊಳಲುಗಳ ಮೇಲೆ ಸಾಗಿದರೆ ಸುಮಾರು 60-70 ಕಿಲೋಮೀಟರುಗಳ ಹಾದಿ. 1953ರ ಅಕ್ಟೋಬರ್ 1ರವರೆಗೆ ಈ ಸೀಮೆ ಮದ್ರಾಸು ರಾಜ್ಯದ ಆಡಳಿತದಲ್ಲಿದ್ದಿತು. ಬಳಿಕ ಮೈಸೂರು ರಾಜ್ಯಕ್ಕೆ ಸೇರಿತು. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ವಿಜಯನಗರ ಜಿಲ್ಲೆಯಾಯಿತು. ಜಲಾಶಯದ ಹಿನ್ನೀರು ಏರಿದಾಗ ಹೊಳೆದಂಡೆಯ ಹಳೆಯ ಜಾಡುಗಳು ಕೆಲವು ಮುಳುಗಿಯೂ ಹೋದವು. ಆದರೂ ಮಾಘಮಾಸ ಬಂದಾಗ ಬಂಡಿಗಳು ಮುಖ ಮಾಡುವುದು ಆ ನೈಋತ್ಯ ದಿಕ್ಕಿಗೇ. ಈಗ ಬಸ್ಸು, ಟ್ರ್ಯಾಕ್ಟರುಗಳಲ್ಲಿ ಕೆಲವೇ ಗಂಟೆಗಳಲ್ಲಿ ತಲಪುವವರು ಹೆಚ್ಚು. ಬಂಡಿ ಕಟ್ಟುವ ಮನೆಗಳು ಇನ್ನೂ ಉಂಟು. ಅಂತಹ ಒಂದು ಮನೆಯನ್ನು ಕಣ್ಣಮುಂದೆ ತಂದುಕೊಂಡರೆ ಈ ಪ್ರಯಾಣದ ಸ್ವರೂಪ ತಿಳಿಯುತ್ತದೆ.

ಮನೆಯ ಹಿರಿಯ, ಅವನ ಹೆಂಡತಿ, ಮಗ, ಸೊಸೆ, ಹತ್ತು ವರ್ಷದ ಮೊಮ್ಮಗ, ಅವನ ಪುಟ್ಟ ತಂಗಿ: ಬಂಡಿಯಲ್ಲಿ ಆರು ಮಂದಿ. ಸೊಸೆ ಎರಡು ದಿನ ಒಲೆಯ ಮುಂದೆ ಕುಳಿತು ಖಡಕ್ ರೊಟ್ಟಿ ಬಡಿದಿದ್ದಾಳೆ. ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಬೆಲ್ಲ, ಅಕ್ಕಿ, ಬೇಳೆ, ಒಂದು ಕೊಡ ನೀರು. ಮನುಷ್ಯರ ಬುತ್ತಿ ಬಂಡಿಯ ಒಂದು ಮೂಲೆಯಲ್ಲಿ ಅಡಗಿತು. ಎತ್ತುಗಳ ಬುತ್ತಿಯೇ ದೊಡ್ಡದು. ಸೊಪ್ಪೆಯ ಕಟ್ಟುಗಳನ್ನು ಹರಡಿ, ಮೇಲೆ ಕಂಬಳಿ ಹಾಸಿ, ಅದರ ಮೇಲೆ ಜನ ಕೂರುವುದು. ದಿನ ಕಳೆದಂತೆ ಹಾಸಿಗೆ ತೆಳುವಾಗುತ್ತ ಬರುತ್ತದೆ. ಎತ್ತುಗಳು ಅದನ್ನು ತಿನ್ನುತ್ತಿರುತ್ತವೆಯಷ್ಟೆ!

ದ್ವಾದಶಿಯ ಬೆಳಗಿನ ಜಾವ ಊರಿನ ಐದಾರು ಬಂಡಿಗಳು ಒಟ್ಟಾಗಿ ಹೊರಟವು. ಎತ್ತಿನ ನಡಿಗೆ ಗಂಟೆಗೆ ಮೂರು ನಾಲ್ಕು ಕಿಲೋಮೀಟರು. ಬಿಸಿಲೇರಿದ ಮೇಲೆ ಅದೂ ಆಗದು. ಆದುದರಿಂದ ಬೆಳಗಿನ ತಂಪಿನಲ್ಲಿ ಒಂದಷ್ಟು ನಡೆದು, ಮಧ್ಯಾಹ್ನ ಬೇವಿನ ನೆರಳಿನಲ್ಲಿ ಕೊಳ್ಳು ಹರಿದು ವಿಶ್ರಮಿಸಿ, ಸಂಜೆಯಿಂದ ಮತ್ತೆ ಸಾಗಬೇಕು. ಇಲ್ಲಿ ಹಿರಿಯರ ಜಾಣ್ಮೆಯೊಂದು ಕಾಣುತ್ತದೆ. ಹೋಗುವುದು ಶುಕ್ಲಪಕ್ಷದ ಕೊನೆಯಲ್ಲಿ. ಹೊತ್ತು ಮುಳುಗುವಾಗಲೇ ಚಂದ್ರ ಆಕಾಶದಲ್ಲಿರುತ್ತಾನೆ, ಸಂಜೆಯ ನಡಿಗೆಗೆ ಬೆಳಕಾಗುತ್ತಾನೆ. ಬರುವುದು ಹುಣ್ಣಿಮೆಯ ತರುವಾಯ. ಆಗ ಚಂದ್ರ ತಡವಾಗಿ ಮೂಡಿ ಬೆಳಗಾಗುವವರೆಗೂ ಇರುತ್ತಾನೆ, ಬೆಳಗಿನ ಜಾವದ ನಡಿಗೆಗೆ ಬೆಳಕಾಗುತ್ತಾನೆ. ಆಸ್ಟ್ರೇಲಿಯದ ನಡುನಾಡಿನಲ್ಲಿ ಸಾವಿರಾರು ಕಿಲೋಮೀಟರುಗಳ ಬರಡು ದಾರಿಯುಂಟು. ಅಲ್ಲಿ ರಜೆಯ ದಿನಗಳನ್ನು ಎಣಿಸಿಕೊಂಡು ಹೊರಡುವ ಕುಟುಂಬಗಳು ಕತ್ತಲಾದ ಮೇಲೆ ಕಾರು ನಡೆಸಲು ಹಿಂಜರಿಯುತ್ತವೆ. ಕಾಂಗರೂಗಳು ರಸ್ತೆಗೆ ಹಾರಿ ಬರುವುದು ಆ ಹೊತ್ತಿನಲ್ಲಿಯೇ. ವೇಗದ ವಾಹನಕ್ಕೆ ಇರುಳು ಶತ್ರು. ಬಂಡಿಗೆ ಅದು ನೆಂಟ.

ಮೂರನೆಯ ದಿನ ಹಿರೇಹಡಗಲಿಯ ಹತ್ತಿರ ಬಂದಾಗ ಬಲಗಡೆಯ ಎತ್ತು ಕುಂಟತೊಡಗಿತು. ಲಾಳ ಎಲ್ಲಿಯೋ ಕಳಚಿಬಿದ್ದು, ಗೊರಸಿನ ಸಂದಿಯಲ್ಲಿ ಚೂಪುಗಲ್ಲೊಂದು ಹೊಕ್ಕಿದ್ದಿತು. ಲಾಳ ಕಟ್ಟುವವನು ಬಂದು, ಕಲ್ಲು ತೆಗೆದು, ಕಾಲನ್ನು ಒತ್ತಿ ನೋಡಿ, "ಮೂರು ದಿನ ನೊಗ ಮುಟ್ಟಿಸಬ್ಯಾಡ್ರಿ" ಎಂದನು. ಮೂರು ದಿನವೆಂದರೆ ಕಾರಣಿಕ ಮುಗಿದೇ ಹೋಗುತ್ತದೆ. ಹಿರೇಹಡಗಲಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಸೊಗಸಾದ ಗುಡಿಯುಂಟು. ಬೇರೆ ಸಮಯದಲ್ಲಾದರೆ ಮಕ್ಕಳು ಅದನ್ನು ನೋಡಲು ಹಟ ಹಿಡಿಯುತ್ತಿದ್ದರು. ಆಗ ಯಾರೂ ಬಾಯಿ ಬಿಡಲಿಲ್ಲ. ಕುಂಟುವ ಎತ್ತನ್ನೇ ಹೂಡಿ ಮೆಲ್ಲಗೆ ಹೋದರಾಯಿತು ಎಂದು ಜೊತೆಯ ಬಂಡಿಯವನೊಬ್ಬ ಸೂಚಿಸಿದ. ಹಿರಿಯ ಅವನ ಕಡೆ ತಿರುಗಿಯೂ ನೋಡಲಿಲ್ಲ.

"ಅಪ್ಪಾ, ನೀನು ಹೋಗು. ಎತ್ತಿನ ಹತ್ರ ನಾನಿರ್ತೀನಿ" ಎಂದನು ಮಗ.

"ನಾನು ನಲವತ್ತು ಸಲ ಕೇಳೀನಿ. ಹುಡುಗ ಒಂದು ಸಲಾನೂ ಕೇಳಿಲ್ಲ. ಆ ಜನದಾಗ ಅವನ ಕೈ ಗಟ್ಟಿಯಾಗಿ ಹಿಡ್ಕೊಳ್ಳಾಕ ನೀನೇ ಬೇಕು."

ಬಳಿಕ ಮೊಮ್ಮಗನನ್ನು ಕರೆದು, "ಲೇ ತಮ್ಮಾ, ದೇವರ ಮಾತು ಕೇಳಿ ಬಂದು ನನಗೆ ಹೇಳ್ಬೇಕು. ಒಂದು ಅಕ್ಷರ ಹೆಚ್ಚಾಗಬಾರ್ದು, ಒಂದು ಅಕ್ಷರ ಕಮ್ಮಿ ಆಗಬಾರ್ದು" ಎಂದನು.

ಹುಣ್ಣಿಮೆಯ ಬೆಳಗ್ಗೆ ಐವರೂ ಊರವರ ಬೇರೆ ಬೇರೆ ಬಂಡಿಗಳಲ್ಲಿ ಹಂಚಿಕೊಂಡು ಮುಂದೆ ಹೋದರು. ಹಿರಿಯ ಒಂದು ಬಾವಿಯ ಬಳಿ ಎರಡು ಎತ್ತುಗಳೊಡನೆ ಉಳಿದ. ದಿನವೆಲ್ಲ ಆ ದಾರಿಯಲ್ಲಿ ಬಂಡಿಗಳು ಸಾಗುತ್ತಲೇ ಇದ್ದವು. "ಏಳು ಕೋಟಿಗೋ" ಎಂಬ ಕೂಗು ದೂರದಿಂದ ಬಂದು, ಎದುರಿಗೆ ಹಾದು, ದೂರವಾಗುತ್ತಿದ್ದಿತು.

ಕಾರಣಿಕ ನಡೆಯುವುದು ಡೆಂಕನಮರಡಿ ಎಂಬಲ್ಲಿ, ಸಂಜೆಯ ಹೊತ್ತು. ದಿನಗಟ್ಟಲೆ ಉಪವಾಸವಿದ್ದ ಗೊರವಯ್ಯ ಎತ್ತರವಾದ ಬಿಲ್ಲನ್ನೇರುತ್ತಾನೆ. "ಸದ್ದಲೇ" ಎಂದು ಅವನು ಕೂಗಿದೊಡನೆ ಲಕ್ಷಾಂತರ ಜನರ ಗದ್ದಲ ಒಮ್ಮೆಗೇ ಅಡಗುತ್ತದೆ. ಅವನು ಒಂದೇ ಒಂದು ಮಾತನ್ನು ನುಡಿದು ಬಿಲ್ಲಿನಿಂದ ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಇಷ್ಟೇ. ಮೂರು ದಿನ ನಡೆದು ಬಂದವರಿಗೆ ದೊರೆಯುವುದು ಕೆಲವು ಕ್ಷಣಗಳು. ಆ ಒಂದು ಮಾತಿನಲ್ಲಿ ಬರುವ ವರ್ಷದ ಮಳೆ ಬೆಳೆಗಳನ್ನು, ನಾಡಿನ ಆಗುಹೋಗುಗಳನ್ನು ಜನ ಹುಡುಕುತ್ತಾರೆ. ಒಬ್ಬೊಬ್ಬರು ಒಂದೊಂದು ಅರ್ಥ ಹೇಳುತ್ತಾರೆ. ಮುಂಗಾರು ಎಂದು ಬಂದೀತೆಂಬುದನ್ನು ಅರಿಯದ ಮಳೆಯಾಶ್ರಿತ ಬೇಸಾಯದವನಿಗೆ ಇದು ವಿನೋದದ ಮಾತಲ್ಲ. ಹಗೇವಿನಲ್ಲಿ ಎಷ್ಟು ಕಾಳು ಉಳಿಸಿಕೊಳ್ಳಬೇಕೆಂಬ ಯೋಚನೆ ಅದರ ಹಿಂದೆ ಇರುತ್ತದೆ. ನಂಬದಿರುವವರು ನಂಬದಿರಲಿ, ಆ ಯೋಚನೆಯನ್ನು ಹಗುರವಾಗಿ ಕಾಣುವುದು ಸಲ್ಲದು.

ತದಿಗೆಯ ಸಂಜೆ ಬಂಡಿಗಳು ಬಾವಿಯ ಬಳಿ ಬಂದು ನಿಂತವು. ಹುಡುಗ ಎಲ್ಲರಿಗಿಂತ ಮೊದಲು ಧುಮುಕಿದ. ದಾರಿಯುದ್ದಕ್ಕೂ ಆ ಮಾತನ್ನು ಬಾಯಲ್ಲಿಯೇ ಉರುಹೊಡೆಯುತ್ತ, ತಂಗಿ ಮಾತನಾಡಿಸಿದರೂ ಉತ್ತರ ಕೊಡದೆ ಬಂದಿದ್ದನು. ತಾತನೆದುರು ನಿಂತು ಒಂದೇ ಉಸಿರಿಗೆ ಹೇಳಿ ಮುಗಿಸಿದ. ಹಿರಿಯ ಅದನ್ನು ಮೂರು ಸಲ ಹೇಳಿಸಿದ. ಮಗನ ಮುಖ ನೋಡಿದ; ಮಗ ಹೌದೆಂದು ತಲೆಯಾಡಿಸಿದ. ಅರ್ಥವೇನೆಂದು ಹೆಂಡತಿ ಕೇಳಿದಾಗ, "ಹೊಲದಾಗ ನೋಡೋಣು" ಎಂದು ಎದ್ದು, ಎತ್ತಿನ ಕಾಲನ್ನು ಮಡಿಲಲ್ಲಿಟ್ಟುಕೊಂಡು ಗೊರಸನ್ನು ಸವರಿದನು. ಊತ ಇಳಿದಿದ್ದಿತು.

ಬೆಳ್ದಿಂಗಳಿನಲ್ಲಿಯೇ ಬಂಡಿ ಹೂಡಿದರು. ಏರು ಬಂದಲ್ಲೆಲ್ಲ ಮಕ್ಕಳನ್ನುಳಿದು ಮಿಕ್ಕವರು ಇಳಿದು ನಡೆದರು. ಪಂಚಮಿಯ ರಾತ್ರಿ ಊರು ಸೇರಿದಾಗ ಎತ್ತುಗಳು ಯಾರೂ ಹೇಳದೆ ತಮ್ಮ ಮನೆಯ ಕಡೆಗೆ ತಿರುಗಿದವು. ಮರುದಿನ ನಸುಕಿನಲ್ಲಿ ತಾತ, ಮೊಮ್ಮಗ ಹೊಲಕ್ಕೆ ಹೋದರು. ಅಂಚಿನ ನಾಲ್ಕು ಸಾಲುಗಳ ತೆನೆಯನ್ನು ಹಕ್ಕಿಗಳು ಬರಿದು ಮಾಡಿದ್ದವು. ಹುಡುಗನ ಕೈಗೆ ಕವಣೆ ಕೊಟ್ಟು, ಹಿರಿಯ ಐದನೆಯ ಸಾಲಿನಿಂದ ಕುಡುಗೋಲು ಹಾಕಿದನು.