ಕೇಳಿದ್ದು, ಕೇಳದೇ ಉಳಿದದ್ದು

ಕೊನೆಯ ಬೆಂಚಿನ ಹುಡುಗನಿಗೆ ಪಾಠ ತಲೆಗೆ ಹೋಗಲಿಲ್ಲ ಎಂಬುದನ್ನು ಮೇಷ್ಟ್ರು ಅವನ ಮುಖ ನೋಡಿಯೇ ಹೇಳಬಲ್ಲರು. ಹುಬ್ಬು ಗಂಟಾಗುತ್ತದೆ, ಪೆನ್ನು ನಿಲ್ಲುತ್ತದೆ, ಕಣ್ಣು ಕಿಟಕಿಯತ್ತ ಓಡುತ್ತದೆ. ಕೂಡಲೇ ಬೋರ್ಡು ಒರೆಸಿ ಮೊದಲಿನಿಂದ ಶುರು. ಆದರೆ ಆ ಹುಡುಗ ನಾನೂರು ಕಿಲೋಮೀಟರ್ ಆಚೆ, ಟಿ.ವಿ. ಪರದೆಯ ಮುಂದೆ ಕುಳಿತಿದ್ದರೆ?

2004ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಪಾಠಗಳು ಇನ್ಸಾಟ್-3ಬಿ ಉಪಗ್ರಹದ ಮೂಲಕ ದೂರದ ಕಾಲೇಜುಗಳನ್ನು ಮುಟ್ಟತೊಡಗಿದವು. ಅದೇ ಸೆಪ್ಟೆಂಬರ್ 20ರಂದು, ಶಿಕ್ಷಣಕ್ಕೆಂದೇ ರೂಪಿಸಿದ ಎಜುಸ್ಯಾಟ್ ಶ್ರೀಹರಿಕೋಟಾದಿಂದ ಮೇಲೇರಿತು. ನುರಿತ ಅಧ್ಯಾಪಕರು ಎಲ್ಲ ಊರುಗಳಲ್ಲೂ ಸಿಗುವುದಿಲ್ಲ; ಒಬ್ಬರ ಪಾಠ ಹತ್ತಾರು ಕಾಲೇಜುಗಳಿಗೆ ತಲುಪಲಿ ಎಂಬುದು ಆಶಯ.

ಇಂಥ ಉಪಗ್ರಹ ಸಮಭಾಜಕದ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿರುತ್ತದೆ. ಮೇಷ್ಟ್ರ ಮಾತು ಅಲ್ಲಿಗೆ ಏರಿ ಕೆಳಗಿಳಿಯಲು 72,000 ಕಿ.ಮೀ. ಪಯಣ. ಬೆಳಕಿನ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಭಾಗಿಸಿ ನೋಡಿ: ಕಾಲು ಸೆಕೆಂಡು. ಹುಡುಗನ ಉತ್ತರ ಬರಲು ಇನ್ನೊಂದು ಕಾಲು. 'ಅರ್ಥವಾಯಿತೇ?' ಎಂದು ಕೇಳಿದ ಮೇಷ್ಟ್ರಿಗೆ ಅರ್ಧ ಸೆಕೆಂಡು ಬರೀ ಮೌನ.

ಸ್ಟುಡಿಯೋದಲ್ಲಿ ಪಾಠ ಹೇಳುತ್ತಿದ್ದ ಮೇಷ್ಟ್ರೊಬ್ಬರು ಮೊದಮೊದಲು ಆ ಮೌನವನ್ನೇ 'ಹೌದು' ಎಂದುಕೊಂಡು ಮುಂದೆ ಹೋಗುತ್ತಿದ್ದರಂತೆ. ಆಮೇಲೆ ಮನಸ್ಸಿನಲ್ಲೇ ಹತ್ತು ಎಣಿಸುವುದನ್ನು ರೂಢಿಸಿಕೊಂಡರು. ಒಂದು ದಿನ ತೊಲೆ ಬಾಗುವ ಲೆಕ್ಕ ಬಿಡಿಸಿ, ಎಂಟರವರೆಗೆ ಎಣಿಸಿದ್ದರು. ಯಾವುದೋ ಕಾಲೇಜಿನಿಂದ ಅಳುಕುತ್ತ ಒಂದು ದನಿ ಬಂತು: 'ಸರ್, ಆ ಮೈನಸ್ ಎಲ್ಲಿಂದ ಬಂತು?' ಕೇಳಿದ್ದು ಕನ್ನಡದಲ್ಲೇ. ಮೇಷ್ಟ್ರು ಬೋರ್ಡು ನೋಡಿದರು. ನಡುವಿನ ಒಂದು ಸಾಲನ್ನೇ ಹಾರಿಸಿಬಿಟ್ಟಿದ್ದರು. ಆ ಸಾಲು ಬರೆದ ಮೇಲೆ ಬೇರೆ ಕಾಲೇಜುಗಳಿಂದಲೂ 'ನಮಗೂ ಅದೇ ಸಂಶಯವಿತ್ತು ಸರ್' ಎಂಬ ದನಿಗಳು ಕೇಳಿಬಂದವು.

ಉಪಗ್ರಹ ತಿಂದದ್ದು ಅರ್ಧ ಸೆಕೆಂಡು ಮಾತ್ರ. ಉಳಿದ ಮೌನ ಸಂಕೋಚದ್ದು. ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ, ಮೈಕು ಹಿಡಿದರೆ ಎಲ್ಲ ಕಾಲೇಜುಗಳೂ ಕೇಳಿಸಿಕೊಳ್ಳುತ್ತವಲ್ಲ ಎಂಬ ಅಂಜಿಕೆ!

2010ರಲ್ಲಿ ಎಜುಸ್ಯಾಟ್ ನಿವೃತ್ತವಾಯಿತು. 2020ರಲ್ಲಿ ಕೊರೊನಾ ಬಂದಾಗ ತರಗತಿಗಳು ಮೊಬೈಲಿಗೇ ಇಳಿದವು. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ, ಸಾವಿರ ಕಿ.ಮೀ. ದಾಟಲು ಅದಕ್ಕೆ ಸೆಕೆಂಡಿನ ಇನ್ನೂರನೇ ಒಂದು ಭಾಗ ಸಾಕು. ಆದರೂ ಕ್ಯಾಮೆರಾ ಮುಚ್ಚಿ, ಮೈಕು ಆರಿಸಿ ಕುಳಿತ ಹುಡುಗನ ಮೌನ ಹಾಗೇ ಉಳಿಯಿತು. ಹಾಜರಾತಿ ಮಾತ್ರ ಪೂರ್ತಿ.

ಕನ್ನಡದಲ್ಲಿ 'ಕೇಳು' ಎಂಬುದಕ್ಕೆ ಎರಡರ್ಥ: ಆಲಿಸುವುದು ಮತ್ತು ಪ್ರಶ್ನಿಸುವುದು. ಮೊದಲನೆಯದಕ್ಕೆ ಯಂತ್ರಗಳಿವೆ. ಎರಡನೆಯದಕ್ಕೆ ಧೈರ್ಯ ಬೇಕು. ಅದು ಮನೆಯಲ್ಲೂ ಹುಟ್ಟಬೇಕು. ಸಂಜೆ ಮಗ ಮನೆಗೆ ಬಂದಾಗ 'ಎಷ್ಟು ಮಾರ್ಕ್ಸು?' ಎನ್ನುವ ಮೊದಲು ಅಪ್ಪ ಅಮ್ಮ ಒಮ್ಮೆ ವಿಚಾರಿಸಲಿ: 'ಇವತ್ತು ಮೇಷ್ಟ್ರನ್ನು ಏನು ಕೇಳಿದೆ?'