ಕಾರಿನ ಹೊಸ್ತಿಲು

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ನನ್ನ ಕಾರಿನ ಮಟ್ಟಿಗೆ ಅಕ್ಷರಶಃ ನಿಜ. ಇಂಗ್ಲೆಂಡಿನ ಚಳಿಗಾಲದಲ್ಲಿ ರಸ್ತೆ ಹೆಪ್ಪುಗಟ್ಟದಿರಲೆಂದು ರಾತ್ರಿಯೆಲ್ಲ ಲಾರಿಗಳು ಕಲ್ಲುಪ್ಪು ಚೆಲ್ಲಿಕೊಂಡು ಹೋಗುತ್ತವೆ. ವರ್ಷಾನುಗಟ್ಟಲೆ ಆ ಉಪ್ಪು ತಿಂದು, ಹಿಂದೆಯೇ ಬಂದ ಮಳೆನೀರು ಕುಡಿದು, ನನ್ನ 1972ರ ಎಂಜಿಬಿ ಒಳಗೊಳಗೇ ಲಡ್ಡಾಗಿತ್ತು. ಕೊಂಡ ದಿನ ಅದೇನೂ ಕಾಣಲಿಲ್ಲ. ಮೇಲೆ ಕೆಂಪು ಬಣ್ಣ ಕನ್ನಡಿಯ ಹಾಗಿತ್ತು.

ಆಕ್ಸ್‌ಫರ್ಡ್ ಬಳಿಯ ಅಬಿಂಗ್ಡನ್ ಊರಿನಲ್ಲಿ 1962ರಿಂದ 1980ರವರೆಗೆ ಈ ಕಾರು ತಯಾರಾಯಿತು. ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಇದರ ಅಕ್ಕನಂತಿದ್ದ ಎಂಜಿಎಗೆ ಬೇರೆಯೇ ಚಾಸಿ ಇತ್ತು. ಇದಕ್ಕಿಲ್ಲ, ಬಾಡಿಯೇ ಇದರ ಎಲುಬುಗೂಡು. ಅದರಲ್ಲೂ ನನ್ನದು ತಲೆಯ ಮೇಲೆ ಸೂರಿಲ್ಲದ ಗಾಡಿ. ಹಾಗಾಗಿ ಅದು ನಡು ಬಾಗದಂತೆ ತಡೆಹಿಡಿಯುವ ಹೊಣೆ ಬಹುಮಟ್ಟಿಗೆ ಬಾಗಿಲ ಕೆಳಗಿನ ಟೊಳ್ಳು ಪೆಟ್ಟಿಗೆಯದು. ಇಲ್ಲಿಯವರು ಅದನ್ನು ಸಿಲ್ ಅನ್ನುತ್ತಾರೆ. ನನ್ನ ಬಾಯಿಗೆ ಹೊಸ್ತಿಲು ಎಂದೇ ಬರುತ್ತದೆ. ಹೊರಗೊಂದು ತಗಡು, ಒಳಗೊಂದು, ನಡುವೆ ನೆಟ್ಟಗೆ ನಿಂತ ಇನ್ನೊಂದು. ಕಣ್ಣಿಗೆ ಬೀಳುವುದು ಹೊರಗಿನದು ಮಾತ್ರ.

ಸ್ಕ್ರೂಡ್ರೈವರಿನ ತುದಿಯಿಂದ ಅಲ್ಲಿ ಒತ್ತಿದೆ. ಅದು ಸಲೀಸಾಗಿ ಒಳಗಿಳಿಯಿತು. ಹಿಂದೆ ಯಾರೋ ಕೊಳೆತ ಹೊಸ್ತಿಲಿನ ಮೇಲೆಯೇ ಹೊಸ ತಗಡು ಹೊದಿಸಿ, ಅಂಚಿಗೆ ಪುಟ್ಟಿ ಮೆತ್ತಿ, ಬಣ್ಣ ಹೊಡೆದಿದ್ದರು. ನಡುವಿನ ತಗಡಿನ ಜಾಗದಲ್ಲಿ ಉಳಿದಿದ್ದು ಮೂರು ಹಿಡಿ ಕಂದು ಪುಡಿ. ದುಡ್ಡಿಗಿಂತ ಹೆಚ್ಚಾಗಿ ಆ ಪುಡಿ ನನ್ನನ್ನು ನೋಯಿಸಿತು. ಇದರಲ್ಲಿ ಯಾರದೋ ಮಗು ಕೂತು ಹೋಗಿರಬಹುದಲ್ಲ!

ಮುಂದಿನ ಮಡ್‌ಗಾರ್ಡ್ ಬಿಚ್ಚದೆ, ಹಿಂದಿನದರ ಕೆಳಭಾಗ ಕತ್ತರಿಸದೆ ಈ ಕೆಲಸ ಸರಿಯಾಗಿ ಆಗುವುದಿಲ್ಲ. ಹೊಸ್ತಿಲಿನ ಎರಡೂ ತುದಿಗಳು ಅವುಗಳ ಮರೆಯಲ್ಲಿವೆ. ಕೊಯ್ಯುವ ಮೊದಲು ಬಾಗಿಲ ಕೀಲಿನ ಕಂಬದಿಂದ ಚಿಲಕದ ಕಂಬಕ್ಕೆ ಕಬ್ಬಿಣದ ಕಂಬಿಯೊಂದನ್ನು ಅಡ್ಡ ಬೆಸೆದು ಆಸರೆ ಕೊಡಬೇಕು. ಇಲ್ಲದಿದ್ದರೆ ಕಾರು ನಡುವಿನಲ್ಲಿ ಕುಸಿಯುತ್ತದೆ, ಆಮೇಲೆ ಆ ಬಾಗಿಲು ಜನ್ಮದಲ್ಲಿ ಸರಿಯಾಗಿ ಕೂರುವುದಿಲ್ಲ. ವಿಡಿಯೋ ಕಾಲಿನಲ್ಲಿ ದಾವಣಗೆರೆಯಿಂದ ನೋಡುತ್ತಿದ್ದ ಅಮ್ಮ ಗಾಬರಿಯಾದಳು. “ಹೊಸ್ತಿಲನ್ನೇ ಕೊಯ್ತೀಯೇನೋ? ಒಂದಿಷ್ಟು ಅರಿಸಿನ ಕುಂಕುಮನಾದ್ರೂ ಹಚ್ಚಿ ಶುರು ಮಾಡು.” ಹಚ್ಚಿದೆ. ಗ್ರೈಂಡರಿನ ಕಿಡಿಗಳ ನಡುವೆ ಅದು ಎರಡು ನಿಮಿಷವೂ ಉಳಿಯಲಿಲ್ಲ, ಆದರೆ ನನ್ನ ಕೈ ನಡುಗುವುದು ನಿಂತಿತ್ತು.

ಬೆಸುಗೆಯಲ್ಲಿ ನಾನು ಕಲಿಯಬೇಕಾದದ್ದು ತಾಳ್ಮೆ. ಒಂದು ಮಿಲಿಮೀಟರ್ ಆಸುಪಾಸಿನ ತಗಡಿನ ಮೇಲೆ ಒಂದೇ ಸಮ ಬೆಸುಗೆ ಎಳೆದರೆ ಕಾವಿಗೆ ಅದು ಹಪ್ಪಳದಂತೆ ಸೊಟ್ಟಗಾಗುತ್ತದೆ. ಹಿಂದಿನ ಮಡ್‌ಗಾರ್ಡಿನ ತುಂಡೊಂದು ಹಾಗೇ ಹಾಳಾಯಿತು. ಅದನ್ನು ಕಿತ್ತು ಮತ್ತೆ ಮೊದಲಿನಿಂದ ಶುರು ಮಾಡಿದೆ. ಈ ತುದಿಗೊಂದು ಚುಕ್ಕೆ, ಆ ತುದಿಗೊಂದು ಚುಕ್ಕೆ. ಆರಲು ಬಿಟ್ಟು, ನಡುವೆ ಮತ್ತೊಂದು. ಒಂದು ಗೇಣು ಸೇರಿಸಲು ಒಂದು ಸಂಜೆ ಬೇಕಾಯಿತು.

ಆಮೇಲಿನ ಕೆಲಸ ಕಣ್ಣಿನದಲ್ಲ, ಅಂಗೈಯದು. ಚಿಕ್ಕಂದಿನಲ್ಲಿ ನಮ್ಮೂರ ಗ್ಯಾರೇಜಿನಲ್ಲಿ ಟಿಂಕರಿಂಗ್ ಮಾಡುತ್ತಿದ್ದ ಅಜ್ಜರೊಬ್ಬರು ಅಂಬಾಸಿಡರ್ ಕಾರಿನ ಮೇಲೆ ಹಳೆ ಬನಿಯನ್ ತುಂಡು ಹಾಸಿ, ಅದರ ಮೇಲೆ ಕೈಯಾಡಿಸಿ ನೆಗ್ಗು ಹುಡುಕುತ್ತಿದ್ದರು. ಮುಖ ಬೇರೆಡೆ ತಿರುಗಿರುತ್ತಿತ್ತು. ನಲವತ್ತು ವರ್ಷದ ನಂತರ ಹಾಗೇ ಬಟ್ಟೆ ಹಾಸಿ ಕೈಯಾಡಿಸಿದಾಗ ಗೊತ್ತಾಯಿತು: ಬಟ್ಟೆಯಿದ್ದರೆ ಚರ್ಮ ತಡೆಯದೆ ಜಾರುತ್ತದೆ, ಕೂದಲೆಳೆಯ ಏರಿಳಿತವೂ ಅಂಗೈಗೆ ಸಿಕ್ಕಿಬೀಳುತ್ತದೆ. ಸಂಶಯವಿದ್ದಲ್ಲಿ ಪ್ರೈಮರಿನ ಮೇಲೆ ತೆಳುವಾಗಿ ಕಪ್ಪು ಬಣ್ಣ ಸಿಂಪಡಿಸಿ, ಮರದ ತುಂಡಿಗೆ ಉಪ್ಪುಕಾಗದ ಸುತ್ತಿ ಉಜ್ಜುತ್ತೇನೆ. ಕಪ್ಪು ಉಳಿದಲ್ಲಿ ತಗ್ಗು, ಬೇಗ ಮಾಸಿದಲ್ಲಿ ಉಬ್ಬು. ಉಪ್ಪು ತಿಂದ ಕಾರಿಗೆ ಉಪ್ಪುಕಾಗದದ ಆರೈಕೆ!

2018ರಿಂದ ಬ್ರಿಟನ್ನಿನಲ್ಲಿ ನಲವತ್ತು ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಕಾರುಗಳಿಗೆ ವಾರ್ಷಿಕ ತಪಾಸಣೆಯ ಕಡ್ಡಾಯವಿಲ್ಲ. ಅಂದರೆ ನನ್ನ ಹೊಸ್ತಿಲನ್ನು ಯಾರೂ ಕುಟ್ಟಿ ನೋಡುವುದಿಲ್ಲ. ಅದಕ್ಕೇ ನಡುವಿನ ತಗಡನ್ನು ಎರಡು ಸಲ ಬೆಸೆದೆ. ಮೊದಲನೆಯದು ಬಿಗಿಯಾಗಿತ್ತು, ಆದರೆ ನನಗೆ ಒಪ್ಪಿಗೆಯಾಗಿರಲಿಲ್ಲ. ಟೊಳ್ಳಿನೊಳಕ್ಕೆ ಮೇಣ ಸಿಂಪಡಿಸಿ, ಅದು ಕೆಳಗಿನ ನೀರುಗಂಡಿಗಳಿಂದ ತೊಟ್ಟಿಕ್ಕುವವರೆಗೆ ಕಾದೆ. ಕೊನೆಗೆ ಒಂದು ಸಣ್ಣ ತಂತಿ ಹಾಕಿ ಗಂಡಿಗಳು ಮುಚ್ಚಿಲ್ಲವೆಂದು ಖಾತ್ರಿ ಮಾಡಿಕೊಂಡೆ. ಕುಡಿದ ನೀರು ಹೊರಗೆ ಹೋಗಲು ಇರುವುದು ಅದೊಂದೇ ದಾರಿ.

ಕಳೆದ ಭಾನುವಾರ ಬಲಗಡೆಯ ಆಸರೆ ಕಂಬಿ ಕತ್ತರಿಸಿ ತೆಗೆದು, ಬಾಗಿಲು ಹಾಕಿದೆ. ಸುತ್ತಲಿನ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಸಮ ಇತ್ತು. ಎರಡೇ ಬೆರಳಿನ ತಳ್ಳಿಗೆ ಚಿಲಕ ಕೂತಿತು. ಅಮ್ಮನಿಗೆ ಫೋನ್ ಮಾಡಿ, ಆ ಸದ್ದನ್ನು ಎರಡು ಸಲ ಕೇಳಿಸಿದೆ.